ಎರಡನೇ ಬ್ರೇಕು

ಮಾರ್ಚ್ 4, ಮಂಗಳವಾರ

ಇವರು ಇವತ್ತು ಊಟಕ್ಕೆ ಕೂತು ತಾವಾಗಿ ಬಾಯಿ ಬಿಟ್ಟರು. ಮದುವೆಯಾದಾಗಿನಿಂದ "ಉಪ್ಪು", "ಸಾಕು", "ಬಂದೆ" ಅನ್ನುವಷ್ಟರಲ್ಲೇ ಸಂಸಾರ ಮಾಡಿದ ಮನುಷ್ಯ. ದಿನವಿಡೀ ಅಂಗಡಿಯಲ್ಲಿ ಕೂತು ಕನ್ನಡಕದ ಗಾಜು ಉಜ್ಜುತ್ತಾರೆ, ಆ ಗಾಜಿಗಾದರೂ ಒಂದಿಷ್ಟು ಸದ್ದಿದೆ. ಅಂಥವರು ಕೈಯಲ್ಲಿ ತುತ್ತು ಹಿಡಿದುಕೊಂಡು, "ಹಳೇ ಗ್ರೀಕರು ಏನಂತಿದ್ರು ಗೊತ್ತಾ? ನಾವು ಯಾವುದೇ ಕೆಲಸಕ್ಕೆ ಕೈ ಹಾಕೋ ಮುಂಚೆ ಒಳಗೆ ಒಂದು..." ಅಂದರು.

"ಗ್ರೀಕರು ಆಮೇಲೆ. ನಲ್ಲಿ ರಿಪೇರಿಯವನಿಗೆ ಹೇಳಿದ್ರಾ?" ಅಂದೆ.

ಹೇಳಿರಲಿಲ್ಲ. ತಲೆ ತಗ್ಗಿಸಿ ಉಂಡೆದ್ದರು.

ಪಾತ್ರೆ ತೊಳೆಯುವಾಗ ಕೆದಕಿದೆ, ವಿಷಯ ಹೊರಬಂತು. ಲೈಬ್ರರಿಯ ಮಹಡಿ ಮೇಲೆ ಮಂಗಳವಾರ ಗುರುವಾರ ಸಂಜೆ ದೊಡ್ಡವರಿಗೆ ಒಂದು ತರಗತಿ ನಡೆಯುತ್ತದಂತೆ. ಗ್ರೀಕ್ ತತ್ವಶಾಸ್ತ್ರವಂತೆ. ಇವರು ಹೋಗಲು ಶುರು ಮಾಡಿ ಒಂದು ತಿಂಗಳಾಯಿತಂತೆ. ಅಂಗಡಿಯಲ್ಲಿ ಕೆಲಸ ಜಾಸ್ತಿ, ಪಾಪ, ಎಂದುಕೊಂಡು ನಾನು ಅನ್ನ ಬಿಸಿ ಮಾಡಿ ಕಾಯುತ್ತಿದ್ದೆ.

"ಪಾಠ ಹೇಳೋರು ಯಾರು?"

"ಕಾಲೇಜಲ್ಲಿದ್ರು. ಈಗ ರಿಟೈರ್ ಆಗಿದಾರೆ."

"ಹೆಂಗಸಾ?"

"ಹೂಂ."

"ಗಂಡ?"

"ಇಲ್ಲ ಅನ್ಸುತ್ತೆ."

ಅನ್ಸುತ್ತಂತೆ! ನನ್ನ ಹುಟ್ಟಿದ ದಿನ ಯಾವುದು ಅಂತ ಕೇಳಿದರೆ ತಲೆ ಕೆರೆದುಕೊಳ್ಳುವವರಿಗೆ, ಆಕೆಗೆ ಗಂಡ ಇಲ್ಲ ಅನ್ನುವುದು ಮಾತ್ರ ಅನ್ಸುತ್ತೆ. ಅವಳಿಗೆ ಗ್ರೀಕಮ್ಮ ಎಂದು ಹೆಸರಿಟ್ಟಿದ್ದೇನೆ. ಇದನ್ನು ಯಾರಿಗೂ ಹೇಳುವಂತಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ಮಾರ್ಚ್ 6, ಗುರುವಾರ

ನಾದಿನಿ ಫೋನು ಮಾಡಿದ್ದಳು. ಅವಳಿಗೂ ಅಣ್ಣ ಗ್ರೀಕರ ವಿಷಯ ಹೇಳಿದ್ದಾರೆ. "ಅಣ್ಣ ಮತ್ತೆ ಮೊದಲಿನ ಹಾಗಾಗಿದಾನೆ ಅತ್ತಿಗೆ. ಚಿಕ್ಕವನಿದ್ದಾಗ ಅವನ ಮಾತು ನಿಲ್ಲಿಸೋದೇ ಕಷ್ಟ. ಅಪ್ಪ ಗದರಿಸಿ ಮಲಗಿಸಬೇಕಿತ್ತು," ಅಂತ ಕಿಲಕಿಲ ನಕ್ಕಳು.

ಮೊದಲಿನ ಹಾಗೆ ಅಂದರೆ ಯಾವ ಮೊದಲು? ನಾನು ಬರುವ ಮೊದಲು. ಮಾತೆಲ್ಲ ನಾನು ಬರುವ ಮುಂಚೆ ಆಡಿ ಮುಗಿಸಿದ್ದರು, ಉಳಿದದ್ದನ್ನು ಈಗ ಅವಳಿಗೆ ಕೊಡುತ್ತಿದ್ದಾರೆ. ನಡುವಿನ ವರ್ಷಗಳು ಮಾತ್ರ ನನ್ನ ಪಾಲಿಗೆ.

ಸಂಜೆ ನನ್ನ ಡ್ರೈವಿಂಗ್ ಸ್ಕೂಲಿಗೆ ಬರುವ ಬ್ಯಾಂಕಿನವನಿಗೆ ಪಾಠವಿತ್ತು. ಬೇಕೆಂದೇ ಕಾರನ್ನು ಲೈಬ್ರರಿ ಬೀದಿಗೆ ತಿರುಗಿಸಲು ಹೇಳಿದೆ. ತರಗತಿ ಆಗಷ್ಟೇ ಬಿಟ್ಟಿತ್ತು. ಇವರು ಅವಳ ಚೀಲ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ನನ್ನ ತರಕಾರಿ ಚೀಲ ಹಿಡಿಯಲು ಸೊಂಟ ನೋವು! ಅವಳು ಸಣಕಲು, ತಲೆತುಂಬ ನರೆಗೂದಲು, ಅದರಲ್ಲಿ ಸಿಕ್ಕಿಸಿಕೊಂಡ ಪೆನ್ಸಿಲು. ಚೆಲುವೆಯೇನಲ್ಲ. ಚೆಲುವೆಯಾಗಿದ್ದರೆ ಗಂಡಸರ ಬುದ್ಧಿಯೇ ಇಷ್ಟು ಎಂದು ಬೈದುಕೊಂಡು ಸುಮ್ಮನಿರಬಹುದಿತ್ತು.

"ಮೇಡಂ, ನಾನು ಬ್ರೇಕ್ ಒತ್ತಲೇ ಇಲ್ಲ, ಗಾಡಿ ಯಾಕೆ ನಿಂತುಬಿಡ್ತು?" ಅಂದ ಬ್ಯಾಂಕಿನವನು. ನೋಡಿದರೆ ನನ್ನ ಕಾಲು. ಕಲಿಸುವ ಕಾರಿನಲ್ಲಿ ನಾನು ಕೂರುವ ಕಡೆಯೂ ಒಂದು ಬ್ರೇಕಿದೆ. ನಾನು ತುಳಿದರೆ ಕಲಿಯುವವರ ಕಡೆಯ ಪೆಡಲೂ ತಾನಾಗಿ ಕೆಳಗಿಳಿಯುತ್ತದೆ. "ಅಡ್ಡ ಬೆಕ್ಕು ಬಂದಿತ್ತು," ಅಂದೆ.

ಮಾರ್ಚ್ 10, ಸೋಮವಾರ

ಏನು ಧೈರ್ಯ! ಬೆಳಿಗ್ಗೆ ಶಟರ್ ಎತ್ತುವಷ್ಟರಲ್ಲಿ ಗ್ರೀಕಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಡ್ರೈವಿಂಗ್ ಕಲಿಯಬೇಕಂತೆ. ಈ ವಯಸ್ಸಿನಲ್ಲಿ.

"ನಿಮ್ಮನೆಯವರು ಹೇಳಿದ್ರು ಮೇಡಂ, ನಿಮ್ಮಷ್ಟು ಚೆನ್ನಾಗಿ ಕಲಿಸೋರು ಈ ಊರಲ್ಲೇ ಇಲ್ಲ ಅಂತ."

ಹದಿನೆಂಟು ವರ್ಷದಿಂದ ಈ ಸ್ಕೂಲು ನಡೆಸುತ್ತಿದ್ದೇನೆ. ನನ್ನ ಮುಂದೆ ಒಂದು ದಿನ ಈ ಮಾತು ಆಡಿದವರಲ್ಲ. ನನ್ನ ಹೊಗಳಿಕೆಯನ್ನೂ ನಾನು ಅವಳ ಬಾಯಿಂದ ಕೇಳಬೇಕಾಯಿತು. ಸೀಟು ಖಾಲಿ ಇಲ್ಲ ಎಂದು ಹೇಳಿ ಕಳಿಸಬಹುದಿತ್ತು. ಹೇಳಲಿಲ್ಲ. ಕಣ್ಣೆದುರಿಗೇ ಇದ್ದರೆ ಒಳ್ಳೆಯದು ಅನಿಸಿತು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಅಂತ ಗೊತ್ತು ಮಾಡಿದೆ.

ಎಂಥ ನಿಧಾನ! ಕನ್ನಡಿ ನೋಡಿ, ಕನ್ನಡಿಯಲ್ಲಿ ಕಂಡದ್ದನ್ನು ಯೋಚಿಸಿ, ಯೋಚಿಸಿದ್ದು ಸರಿಯೇ ಎಂದು ಇನ್ನೊಮ್ಮೆ ನೋಡಿ, ಆಮೇಲೆ ಗೇರಿಗೆ ಕೈ ಹಾಕುತ್ತಾಳೆ. ಹಿಂದೆ ಬಂದ ಬಸ್ಸಿನವನು ಹಾರ್ನ್ ಹೊಡೆದರೆ ಅವನಿಗೇ "ಸಾರಿ" ಅನ್ನುತ್ತಾಳೆ, ಗಾಜು ಮುಚ್ಚಿಕೊಂಡು.

ಮಾರ್ಚ್ 12, ಬುಧವಾರ

ತಿರುವಿನಲ್ಲಿ ಅವಳ ಕಾಲು ಬ್ರೇಕಿನ ಮೇಲೆ ಬರುವ ಮುಂಚೆಯೇ ನಾನು ತುಳಿದೆ. ಅವಳು ಮುಂದಕ್ಕೆ ವಾಲಿದಳು, ಪೆನ್ಸಿಲು ಕೆಳಗೆ ಬಿತ್ತು. "ಲೇಟಾಯ್ತು ಮೇಡಂ," ಅಂದೆ. ಲೇಟಾಗಿರಲಿಲ್ಲ. ಬೇಕಾದಲ್ಲಿ ತುಳಿದೆ, ಬೇಡದಲ್ಲೂ ತುಳಿದೆ. ಮನಸ್ಸಿಗೆ ಎಷ್ಟು ಹಿತವಾಯಿತೆಂದರೆ, ಮನೆಗೆ ಬಂದು ಎರಡು ಲೋಟ ಚಹಾ ಕುಡಿದೆ.

ಮಾರ್ಚ್ 19, ಬುಧವಾರ

ಕೇಳಿಯೇಬಿಟ್ಟೆ. ಸಿಗ್ನಲ್ಲಿನಲ್ಲಿ ನಿಂತಿದ್ದೆವು. "ಅಲ್ಲ ಮೇಡಂ, ಆ ತರಗತಿಯಲ್ಲಿ ಅಂಥದ್ದೇನು ಹೇಳ್ಕೊಡ್ತೀರಿ?"

ಅವಳು ಎಂದಿನಂತೆ ಯೋಚಿಸಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಶುರು ಮಾಡಿದಳು. "ಈಗ ಒಂದು ನಾಯಿ ಅಡ್ಡ ಬಂತು ಅನ್ನಿ. ಮೊದಲು ಅದು ಕಾಣುತ್ತೆ. ಕಾಣೋದು ನಮ್ಮ ಕೈಯಲ್ಲಿಲ್ಲ. ಎದೆ ಧಸಕ್ಕನ್ನುತ್ತೆ, ಅದೂ ನಮ್ಮ ಕೈಯಲ್ಲಿಲ್ಲ. ಆಮೇಲೆ ಮನಸ್ಸು 'ಹೌದು, ನಿಲ್ಲಬೇಕು' ಅಂತ ಒಪ್ಪುತ್ತೆ. ಒಪ್ಪಿದ ಮೇಲೆ ಕಾಲು ಹೊರಡುತ್ತೆ. ಆ ಹೊರಡೋದಿದೆಯಲ್ಲ, ಮನಸ್ಸು ಒಂದು ಕಡೆಗೆ ನುಗ್ಗೋದು, ಅದಕ್ಕೆ ಅವರು ಹೋರ್ಮೆ ಅಂತಿದ್ರು. ಸ್ಟೋಯಿಕರು ಅಂತ ಒಂದು ಪಂಥ ಇತ್ತು, ಅವರಿಗೆ ಇದೇ ದೊಡ್ಡ ವಿಷಯ."

"ನನ್ನ ಕಾಲಿಗೆ ಹೌದು ಅನ್ನೋಕೆಲ್ಲ ಪುರುಸೊತ್ತಿಲ್ಲ. ನಾಯಿ ಕಂಡ್ರೆ ಸೀದಾ ಬ್ರೇಕು."

"ಪ್ರಾಣಿಗಳಿಗೆ ಹಾಗೆ, ಮನುಷ್ಯರಿಗೆ ಹಾಗಲ್ಲ ಅಂತಿದ್ರು ಅವರು. ನೀವೂ ಹೌದು ಅಂದಿರ್ತೀರಿ. ಅಂದಿದ್ದು ನಿಮಗೆ ಗೊತ್ತಾಗಿರೋದಿಲ್ಲ, ಅಷ್ಟೇ."

ಹಸಿರು ದೀಪ ಬಂತು. ಹಿಂದಿನವರೆಲ್ಲ ಕೂಗಲು ಶುರು ಮಾಡಿದರು. ಅವಳು ಅವರಿಗೆಲ್ಲ ಸಾರಿ ಹೇಳುತ್ತ ಗಾಡಿ ಆಫ್ ಮಾಡಿಕೊಂಡಳು. ನನಗೆ ನಗು ಬಂತು, ತಡೆಯಲಾಗಲಿಲ್ಲ. ಅವಳೂ ನಕ್ಕಳು.

ರಾತ್ರಿ ಊಟಕ್ಕೆ ಕೂತಾಗ ನಾನೇ ಹೋರ್ಮೆ ತೆಗೆದೆ. ಇವರ ಮುಖ ಅರಳಿತು. "ಹೌದು! ಅವರಿಗಿಂತ ಹಿಂದಿನವರು ಮನಸ್ಸಿನಲ್ಲೇ ಬೇರೆ ಬೇರೆ..."

"ಗೊತ್ತು. ಮನಸ್ಸಿಗೆ ಮೂರು ಪಾಲು ಅಂತಿದ್ರು. ಸ್ಟೋಯಿಕರು ಬಂದು ಪಾಲೂ ಇಲ್ಲ ಗೀಲೂ ಇಲ್ಲ, ಇರೋದು ಒಂದೇ ಮನಸ್ಸು, ತಪ್ಪು ಮಾಡಿದ್ರೂ ಅದೇ ಒಪ್ಪಿ ಮಾಡಿದ್ದು ಅಂದ್ರು. ನನಗೂ ಹೇಳಿದ್ರು ಮೇಡಂ." ಇವರು "ಹೌದಾ" ಎಂದು ಸುಮ್ಮನಾದರು. ನನಗೂ ಅಷ್ಟೇ ಬೇಕಿತ್ತು. ಇವರಿಗೆ ವಾರಕ್ಕೆ ಎರಡು ಸಂಜೆಯಾದರೆ ನನಗೆ ಮೂರು ಬೆಳಿಗ್ಗೆ.

ಮಾರ್ಚ್ 28, ಶುಕ್ರವಾರ

ಗ್ರೀಕಮ್ಮನಿಗೆ ಲೈಸೆನ್ಸು ಯಾಕೆ ಅಂತ ಇವತ್ತು ತಿಳಿಯಿತು. ಇವರನ್ನು ಕೂರಿಸಿಕೊಂಡು ಎಲ್ಲಿಗೋ ಹೋಗಲು ಅಂತಲೇ ನಾನು ಲೆಕ್ಕ ಹಾಕಿದ್ದೆ.

ಅವರಿಗೊಬ್ಬ ಅಕ್ಕ ಇದ್ದಾರೆ, ಊರಾಚೆಯ ಆರೈಕೆ ಮನೆಯಲ್ಲಿ. ಮರೆವಿನ ಕಾಯಿಲೆ. ಬೆಳಗಿನ ಹೊತ್ತು ಮಾತ್ರ ಬುದ್ಧಿ ತಿಳಿಯಾಗಿರುತ್ತದಂತೆ, ಜನರ ಗುರುತು ಸಿಗುತ್ತದಂತೆ. ಮೊದಲ ಬಸ್ಸು ಅಲ್ಲಿಗೆ ತಲುಪುವಾಗ ಮಧ್ಯಾಹ್ನ. ಅಕ್ಕನದೇ ಹಳೆಯ ಕಾರು ಶೆಡ್ಡಿನಲ್ಲಿ ನಿಂತಿದೆ, ಓಡಿಸುವವರಿಲ್ಲ.

"ಮಧ್ಯಾಹ್ನ ಹೋದ್ರೆ ನಾನು ಯಾರೋ ಬಂದೋಳು. ಅಲ್ಲಿ ಒಬ್ಬ ನರ್ಸಿದಾಳೆ ಮೇಡಂ. ಅಕ್ಕ ಅವಳನ್ನ ನನ್ನ ಹೆಸರು ಹಿಡಿದು ಕರೀತಾಳೆ. ನನ್ನೆದುರಿಗೇ ಅವಳ ಕೆನ್ನೆ ಸವರ್ತಾಳೆ." ಗಾಡಿಯನ್ನು ಬದಿಗೆ ನಿಲ್ಲಿಸಿದ್ದೆವು. "ಕಂಡದ್ದಕ್ಕೆಲ್ಲ ಒಪ್ಪಿಗೆ ಕೊಡಬೇಡಿ ಅಂತ ಜೀವಮಾನ ಪಾಠ ಹೇಳಿದೀನಿ. ಆ ಹುಡುಗಿ ಎಷ್ಟು ಒಳ್ಳೆಯವಳು ಗೊತ್ತಾ? ಅವಳನ್ನ ಕಂಡ್ರೆ ನನಗೆ ಮೈಯೆಲ್ಲ ಉರಿಯುತ್ತೆ."

"ಉರಿಯದೇ ಇರುತ್ತಾ?" ಅಂದೆ. ಆ ನರ್ಸಿನ ಮೇಲೆ ನನಗೂ ಸಿಟ್ಟು ಬಂತು.

"ನಡೆಯೋವನು ಬೇಕಾದಲ್ಲಿ ನಿಲ್ತಾನೆ, ಓಡೋವನು ನಿಲ್ಲಬೇಕು ಅಂದ್ಕೊಂಡ ಮೇಲೂ ನಾಲ್ಕು ಹೆಜ್ಜೆ ಹೋಗಿಬಿಡ್ತಾನೆ ಅಂತಿದ್ರು ಸ್ಟೋಯಿಕರು. ಹೊಟ್ಟೆಕಿಚ್ಚು, ಸಿಟ್ಟು ಎಲ್ಲ ಓಡೋ ಜಾತಿಯವು. ನನ್ನದು ಆ ನರ್ಸನ್ನ ದಾಟಿಕೊಂಡು ಎಲ್ಲಿಗೋ ಓಡಿಹೋಗಿದೆ."

ಇದನ್ನೆಲ್ಲ ಇವರಿಗೂ ಹೇಳಿದ್ದಾರಾ? ಕೇಳಬೇಕೆಂದಿದ್ದೆ, ಕೇಳಲಿಲ್ಲ. ನನಗೊಬ್ಬಳಿಗೇ ಹೇಳಿದ್ದು ಅಂದುಕೊಳ್ಳುತ್ತೇನೆ.

ಏಪ್ರಿಲ್ 3, ಗುರುವಾರ

ಲೈಬ್ರರಿಗೆ ಹೋಗಿದ್ದೆ. ಜಗಳ ಆಡಲೆಂದೇ ಹೋದದ್ದು, ಸುಳ್ಳು ಯಾಕೆ ಬರೆಯಲಿ. ಬೆಳಿಗ್ಗೆ ಇವರು ಶರ್ಟಿಗೆ ಇಸ್ತ್ರಿ ಹಾಕಿಕೊಳ್ಳುತ್ತ ಸಿಳ್ಳೆ ಹೊಡೆಯುತ್ತಿದ್ದರು. ಆ ಸಿಳ್ಳೆ ಸಂಜೆಯವರೆಗೂ ಕಿವಿಯಲ್ಲಿ ಕೊರೆಯಿತು. ಕೊನೆಗೆ ಪಾಠ ಅರ್ಧಕ್ಕೇ ಮುಗಿಸಿ ಮೆಟ್ಟಿಲು ಹತ್ತಿದೆ.

ಬಾಗಿಲು ಅರ್ಧ ತೆರೆದಿತ್ತು. ಹತ್ತು ಹನ್ನೆರಡು ಜನ ಉದ್ದ ಮೇಜಿನ ಸುತ್ತ ಕೂತಿದ್ದರು. ಇವರು ಮಾತಾಡುತ್ತಿದ್ದರು. ಏನೋ ಹೇಳಹೊರಟು ನಡುವೆ ನಿಂತರು. ನಿಂತೇ ಇದ್ದರು. ನನಗೆ ಹೊರಗಿನಿಂದಲೇ ಮುಂದಿನ ಮಾತು ಎತ್ತಿಕೊಡೋಣ ಅನ್ನುವಷ್ಟು ಚಡಪಡಿಕೆ. ಒಳಗೆ ಒಬ್ಬರೂ ಅಲ್ಲಾಡಲಿಲ್ಲ. ಅವರು ಗಲ್ಲಕ್ಕೆ ಪೆನ್ಸಿಲು ಹಚ್ಚಿಕೊಂಡು ಸುಮ್ಮನೆ ಕೂತಿದ್ದರು. ಎಷ್ಟೋ ಹೊತ್ತಾದ ಮೇಲೆ ಇವರು ಆ ಮಾತನ್ನು ಮುಗಿಸಿದರು. ಎಲ್ಲರೂ ನಕ್ಕರು. ಇವರೂ ಹಲ್ಲು ಬಿಟ್ಟು ನಕ್ಕರು. ಎಡಗಡೆ ಮೇಲಿನ ಹಲ್ಲೊಂದು ಬಿದ್ದುಹೋಗಿರುವುದು ನನಗೆ ಗೊತ್ತೇ ಇರಲಿಲ್ಲ.

ಒಳಗೆ ಹೋಗಲಿಲ್ಲ. ಮೆಟ್ಟಿಲಿಳಿದು ಕಾರಿನಲ್ಲಿ ಕೂತು ಅತ್ತೆ. ಹೆಂಡತಿ ಅಂತ ನಾನಿದ್ದೇನೆ, ಹಲ್ಲು ಬಿದ್ದದ್ದು ನೋಡಿರುವುದು ಊರಿನವರೆಲ್ಲ. ಯಾರ ಮೇಲೆ ಹೊಟ್ಟೆ ಉರಿದುಕೊಳ್ಳಬೇಕು ಅನ್ನುವುದೇ ಗೊತ್ತಾಗುತ್ತಿಲ್ಲ. ಇವರ ಮಾತು ಅವರಿಗೆ, ಅವರ ಸಂಜೆ ಇವರಿಗೆ, ನಾನು ಮೆಟ್ಟಿಲ ಮೇಲೆ.

ಏಪ್ರಿಲ್ 4, ಶುಕ್ರವಾರ

ಇವತ್ತು ಬ್ರೇಕು ಹಾಕಿದ್ದೇ ಹಾಕಿದ್ದು. ಅವರು ಬಿದ್ದ ಪೆನ್ಸಿಲನ್ನು ಎತ್ತಿಕೊಂಡು ಮತ್ತೆ ಗೇರು ಹಾಕಿದರು. ಮುಂದಿನ ವಾರ ಪರೀಕ್ಷೆ.

ಏಪ್ರಿಲ್ 11, ಶುಕ್ರವಾರ

ಫೇಲಾದರು.

ಕಾರು ನಮ್ಮದೇ. ನನ್ನ ಜಾಗದಲ್ಲಿ ಇನ್‌ಸ್ಪೆಕ್ಟರು, ನಾನು ಹಿಂದಿನ ಸೀಟಿನಲ್ಲಿ. ಗೇರು, ತಿರುವು, ಹಿಂದಕ್ಕೆ ತೆಗೆಯುವುದು ಎಲ್ಲ ಹೂವಿನ ಹಾಗೆ ಮಾಡಿದರು. ರೈಲು ಗೇಟು ಮುಚ್ಚುತ್ತಿತ್ತು. ಕಾರು ಗೇಟಿನ ಕಡೆಗೆ ನೆಟ್ಟಗೆ ಹೋಗುತ್ತಲೇ ಇತ್ತು. ಅವರ ಪಾದ ಬ್ರೇಕಿನ ಮೇಲೆ ಬಂದಿದೆ, ಹಿಂದಿನಿಂದ ನನಗೆ ಕಾಣುತ್ತಿದೆ, ಆದರೆ ಒತ್ತುತ್ತಿಲ್ಲ. ಕಾಯುತ್ತಿದೆ. ಇನ್‌ಸ್ಪೆಕ್ಟರು ಕೂಗಿಕೊಂಡು ತುಳಿದರು. ಗೇಟಿನ ಕೋಲಿಗೂ ನಮಗೂ ನಡುವೆ ಒಂದು ಮೊಳ ಉಳಿದಿತ್ತು.

ಹಿಂದಿನ ಸೀಟಿನಲ್ಲಿ ನನ್ನ ಬಲಗಾಲು ಖಾಲಿ ನೆಲವನ್ನು ಒತ್ತಿ ಹಿಡಿದಿತ್ತು.

ಇಳಿದ ಮೇಲೆ ಇನ್‌ಸ್ಪೆಕ್ಟರು ಹಣೆ ಒರೆಸಿಕೊಂಡು ನನ್ನನ್ನು ಬದಿಗೆ ಕರೆದರು. "ನೋಡಮ್ಮ, ನಿಮ್ಮ ಹತ್ರ ಕಲಿತೋರು ಎಲ್ಲಾ ಚೆನ್ನಾಗಿ ಮಾಡ್ತಾರೆ, ನಿಲ್ಲಿಸೋದೊಂದು ಬಿಟ್ಟು. ಹೋದ ವಾರ ಆ ಬ್ಯಾಂಕಿನವನೂ ಹೀಗೇ. ಬ್ರೇಕನ್ನ ಇನ್ಯಾರೋ ಹಾಕ್ತಾರೆ ಅಂತ ಕೂತಿರ್ತಾರೆ."

ಗ್ರೀಕಮ್ಮ ದೂರದಲ್ಲಿ ಬೆಂಚಿನ ಮೇಲೆ ಕೂತು ನೀರು ಕುಡಿಯುತ್ತಿದ್ದರು. ಅರ್ಧ ನೀರು ಸೀರೆ ಮೇಲೆ ಚೆಲ್ಲಿತ್ತು. ಭಾನುವಾರ ಬೆಳಿಗ್ಗೆ ಬರುತ್ತೇನೆ ಅಂತ ಆರೈಕೆ ಮನೆಗೆ ಫೋನು ಮಾಡಿ ಹೇಳಿದ್ದರಂತೆ.

ರಾತ್ರಿ ಇವರು, "ನೀನು ಬೇಜಾರು ಮಾಡ್ಕೋಬೇಡ, ಒಂದೊಂದು ಸಲ..." ಅಂದರು. "ನನಗೇನು ಬೇಜಾರು?" ಎಂದು ಎದ್ದು ಬಂದೆ.

ಏಪ್ರಿಲ್ 14, ಸೋಮವಾರ

ಇನ್ನು ಬರುವುದಿಲ್ಲ ಅಂದುಕೊಂಡಿದ್ದೆ. ಬಂದರು.

"ಗೇಟಿನ ಹತ್ರ ತಪ್ಪಿದ್ದು ನೀವಲ್ಲ ಮೇಡಂ," ಅಂದೆ. ಸೀಟನ್ನು ಹಿಂದಕ್ಕೆ ಸರಿಸಿ, ಚಪ್ಪಲಿ ಕಳಚಿ, ಎರಡೂ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿಕೊಂಡು ಕೂತೆ. ನಾನು ತೆಳ್ಳಗಿನವಳಲ್ಲ, ಮಂಡಿ ಒಂದು ಕಡೆ ಬಾಗಿಲಿಗೆ ಒತ್ತಿತು, ಇನ್ನೊಂದು ಗೇರಿಗೆ ತಾಗಿತು. ಅವರು ನೋಡಿದರು. ನಗಲಿಲ್ಲ.

"ನನಗೆ ಗೊತ್ತಿತ್ತು," ಅಂದರು. "ಪೆಡಲು ತಾನಾಗೇ ಇಳೀತಿತ್ತಲ್ಲ. ಮೊದಲು ಸಿಟ್ಟು ಬಂತು. ಆಮೇಲೆ ಹಾಯಾಗೇ ಇತ್ತು. ನಿಲ್ಲೋ ಜವಾಬ್ದಾರಿ ಒಬ್ಬರು ಹೊತ್ಕೊಂಡ್ರೆ ಕಾಲು ಸುಮ್ಮನೆ ಕಾಯೋದು ಕಲಿತುಬಿಡುತ್ತೆ ಮೇಡಂ. ನಾನೂ ಬಿಟ್ಟುಬಿಟ್ಟೆ."

ಹೊರಟೆವು. ಮಾರುಕಟ್ಟೆ ರಸ್ತೆ. ಎದುರಿಗೆ ತಳ್ಳುಗಾಡಿ ಬಂತು. ನನ್ನ ಕಾಲು ಕೆಳಗಿಳಿಯಲು ಒದ್ದಾಡಿತು. ಎರಡೂ ಕೈಯಲ್ಲಿ ಕಾಲಿನ ಹೆಬ್ಬೆರಳುಗಳನ್ನು ಹಿಡಿದುಕೊಂಡೆ. ತಳ್ಳುಗಾಡಿ ಹತ್ತಿರ, ಇನ್ನೂ ಹತ್ತಿರ, ಅದರ ಮೇಲಿನ ಪ್ಲಾಸ್ಟಿಕ್ ಬಕೆಟ್ಟುಗಳ ಬಣ್ಣವೆಲ್ಲ ಕಾಣಿಸತೊಡಗಿತು. ಕಣ್ಣು ಮುಚ್ಚಿಬಿಟ್ಟೆ. ಕಾರು ನಿಂತಿತು. ತುಸು ಕುಲುಕಿ, ತಡವಾಗಿ, ಆದರೆ ನಿಂತಿತು.

"ಹೇಗಿತ್ತು?" ಅಂದರು.

"ಕೆಟ್ಟದಾಗಿತ್ತು," ಅಂದೆ. "ಮತ್ತೆ ಮಾಡಿ."

ಮನೆಗೆ ಬಂದರೆ ಕಾಲು ಜೋಮು ಹಿಡಿದು ನಿಲ್ಲಲಾಗುತ್ತಿರಲಿಲ್ಲ.

ಏಪ್ರಿಲ್ 18, ಶುಕ್ರವಾರ

ಈಗ ಎಲ್ಲರ ಪಾಠದಲ್ಲೂ ಚಕ್ಕಳಮಕ್ಕಳ. ಬ್ಯಾಂಕಿನವನು "ಮೇಡಂ, ಯೋಗ ಶುರು ಮಾಡಿದೀರಾ?" ಅಂದ. ಸೊಂಟ ಹಿಡಿದುಕೊಂಡಿದೆ.

ಗ್ರೀಕಮ್ಮನವರ ಪಾಠದಲ್ಲಿ ಇವರ ಮಾತು ಬಂತು ಇವತ್ತು. ನಾನೇ ಕೇಳಿದೆ, ತರಗತಿಯಲ್ಲಿ ತುಂಬಾ ಮಾತಾಡ್ತಾರಾ ಅಂತ. "ಇಲ್ಲ ಮೇಡಂ, ಅವರದು ಕಮ್ಮಿ. ಮಾತಿನ ಮಧ್ಯ ನಿಂತುಬಿಡ್ತಾರೆ. ಶುರುವಿನಲ್ಲಿ ಮರೆತುಹೋಯ್ತೇನೋ ಅಂದ್ಕೊಂಡಿದ್ದೆ. ಯಾರಾದ್ರೂ ತಡೀತಾರೇನೋ ಅಂತ ನೋಡ್ತಾ ಇರ್ತಾರೆ ಅಂತ ಆಮೇಲೆ ಗೊತ್ತಾಯ್ತು. ನಾವು ಕಾಯ್ತೀವಿ. ಕಾದ್ರೆ ಬರುತ್ತೆ."

ಕೇಳಿ ಸಿಟ್ಟು ಬಂತು. ನನ್ನ ಗಂಡನ ವಿಷಯ ಅವರಿಗೆ ನನಗಿಂತ ಜಾಸ್ತಿ ಗೊತ್ತು ಅನ್ನುವ ಹಾಗೆ! "ನೋಡಿಕೊಂಡು ಓಡಿಸಿ ಮೇಡಂ," ಅಂದೆ.

ಏಪ್ರಿಲ್ 25, ಶುಕ್ರವಾರ

ಪಾಸು! ಅದೇ ರೈಲು ಗೇಟಿನ ಮುಂದೆ ಗೆರೆ ದಾಟದೆ ನಿಲ್ಲಿಸಿದರು. ಇನ್‌ಸ್ಪೆಕ್ಟರು ಕಾಲು ಮೇಲೆ ಕಾಲು ಹಾಕಿಕೊಂಡು ಕೂತಿದ್ದರು. ಇಳಿದ ಮೇಲೆ ಗ್ರೀಕಮ್ಮ ನನ್ನನ್ನು ತಬ್ಬಿಕೊಂಡರು, ಪೆನ್ಸಿಲು ನನ್ನ ಕಿವಿಗೆ ಚುಚ್ಚಿತು. ಇನ್ನು ಸೋಮವಾರ ಬೆಳಿಗ್ಗೆ ನನಗೇನು ಕೆಲಸ? ಇವರಿಗಾದರೆ ಮಂಗಳವಾರ ಇದ್ದೇ ಇದೆ.

ಏಪ್ರಿಲ್ 27, ಭಾನುವಾರ

ಬೆಳಿಗ್ಗೆ ಆರೈಕೆ ಮನೆಯಿಂದ ಫೋನು ಮಾಡಿದ್ದರು. ಅಕ್ಕನಿಗೆ ಗುರುತು ಸಿಕ್ಕಿತಂತೆ. ಹೆಸರು ಹಿಡಿದು ಕರೆದರಂತೆ. "ನನ್ನ ಕಾರು ಕೆಡಿಸ್ಬೇಡ ಅಂದ್ಳು ಮೇಡಂ," ಎಂದು ಅತ್ತರು, ನಕ್ಕರು. ಒಂದು ಗಳಿಗೆ ಬಿಟ್ಟು ಆ ನರ್ಸನ್ನೂ ಅಕ್ಕ ಅದೇ ಹೆಸರಿನಿಂದ ಕರೆದರಂತೆ. "ಉರಿ ಬಂತಾ?" ಅಂದೆ. "ಬಂತು. ಬಂದು ಅಲ್ಲೇ ನಿಂತ್ಕೊಂಡಿದೆ," ಅಂದರು.

ಮಧ್ಯಾಹ್ನ ನಾವಿಬ್ಬರೇ ಊಟಕ್ಕೆ ಕೂತೆವು. ಫೋನಿನ ವಿಷಯ ಹೇಳಿದೆ. ಇವರು ಖುಷಿಪಟ್ಟರು. ಇನ್ನೊಂದು ಸೌಟು ಸಾರು ಬಡಿಸಿದೆ. ಬಹಳ ದಿನದಿಂದ ಗಂಟಲಲ್ಲಿದ್ದದ್ದನ್ನು ಕೇಳಿದೆ.

"ರೀ, ನೀವು ಆ ತರಗತಿಗೆ ಯಾಕೆ ಸೇರಿದ್ರಿ?"

ಇವರು ತುತ್ತನ್ನು ತಟ್ಟೆಗೇ ಇಟ್ಟರು. "ಅದು... ಅಂಗಡಿಯಲ್ಲಿ ಒಂದು ದಿನ ಕೂತಿದ್ದಾಗ ನನಗೆ..." ಅಂದು ನಿಂತರು. ನಿಂತು ನನ್ನ ಮುಖ ನೋಡಿದರು.

ಏನು, ಅವರ ಚೀಲ ಹೊರೋಕಾ, ಎಂಬ ಮಾತು ನನ್ನ ನಾಲಿಗೆ ತುದಿಗೇ ಬಂದಿತ್ತು. ತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಇವರು ನೋಡುತ್ತಲೇ ಇದ್ದರು. ನಾನು ನಡುವೆ ಏನಾದರೂ ಅನ್ನುತ್ತೇನೆ, ಆಮೇಲೆ ಸುಮ್ಮನಾದರಾಯಿತು ಎಂದು ಕಾಯುತ್ತಿದ್ದಾರೆ. ಹೀಗೆ ಕಾದೂ ಕಾದೂ ಅಭ್ಯಾಸವಾದ ಮುಖ. ನಾನು ಏನೂ ಅನ್ನಲಿಲ್ಲ. ಹೊರಗೆ ಯಾರೋ ಸ್ಕೂಟರು ಒದೆಯುತ್ತಿದ್ದರು, ಅದು ಸ್ಟಾರ್ಟ್ ಆಗಿ ಹೋಗಿಯೂ ಆಯಿತು. ಅನ್ನ ಆರಿತು. ಸುಮ್ಮನೆ ಕೂರುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ.

"...ನಿನ್ನ ಹತ್ರ ಆಡೋಕೆ ನನ್ನ ಬಳಿ ಮಾತೇ ಇಲ್ವಲ್ಲ ಅನಿಸ್ತು," ಅಂದರು. "ಗಾಜಿನ ವಿಷಯ ಎಷ್ಟು ದಿನ ಅಂತ ಹೇಳೋದು. ನೀನು ಜನರ ಜೊತೆ ಓಡಾಡೋಳು, ನಿನಗೆ ದಿನಾ ಹೊಸದು. ಏನಾದ್ರೂ ಕಲಿತ್ಕೊಂಡು ಬಂದ್ರೆ, ಊಟಕ್ಕೆ ಕೂತಾಗ ನಿನಗೆ ಹೇಳಬಹುದು ಅಂತ."

ನನ್ನ ಕಣ್ಣು ತುಂಬಿತು. ಏನಾದರೂ ಹೇಳಿ ಮುಚ್ಚಿಕೊಳ್ಳೋಣವೆಂದು ಬಾಯಿ ತೆರೆದೆ. ಇವರು ಮೆಲ್ಲಗೆ ಕೈ ಎತ್ತಿದರು.

"ಇನ್ನೂ ಇದೆ," ಅಂದರು.

"ಹೇಳಿ," ಅಂದೆ.